ನಂಬರ್ ಹೊಡೆದ ಮರಗಳು

ಉಲ್ಲಾಳದಾಚೆ ಬಸ್ಸಿನ ಕೊನೆಯ ಸ್ಟಾಪಿನಲ್ಲಿ ಇಳಿದು, ಎರಡು ಲೇಔಟುಗಳ ನಡುವಿನ ಮಣ್ಣುದಾರಿಯಲ್ಲಿ ಹತ್ತು ನಿಮಿಷ ನಡೆದರೆ ಆ ಕುರುಚಲು ಕಾಡು ಸಿಗುತ್ತದೆ. ಮೂರು ಕಡೆ ಮನೆಗಳು, ಒಂದು ಕಡೆ ಬಂಡೆ. ಒಳಗೆ ಕಗ್ಗಲಿ, ಜಾಲಿ, ಎಲಚಿ, ನಡುನಡುವೆ ಬಂದರಿಕೆ ಗಿಡದ ಪೊದೆ, ಮಳೆ ಬಿದ್ದರೆ ಮೊಣಕಾಲೆತ್ತರದ ಹುಲ್ಲು. ಹದಿನೈದು ದಿನಕ್ಕೊಮ್ಮೆ ಅಲ್ಲಿಗೆ ಹೋಗಿ ಕಗ್ಗಲಿ ಮರಗಳ ಸ್ಥಿತಿ ನೋಡಿ ಬರೆದುಕೊಂಡು ಬರುವುದು ನನ್ನ ಕೆಲಸವಾಗಿತ್ತು. ಒಣಕಾಡುಗಳ ಮರಗಳಿಗೆ ತಗಲುವ ರೋಗ ಮತ್ತು ಹುಳುಗಳ ಮೇಲೆ ಕಣ್ಣಿಡುವ ಒಂದು ಲ್ಯಾಬಿನಲ್ಲಿ ನಾನು ಟೆಕ್ನಿಷಿಯನ್.

ಅರವತ್ತು ಮರಗಳನ್ನು ಚೀಟಿ ಎತ್ತಿದ ಹಾಗೆ ಅಲ್ಲೊಂದು ಇಲ್ಲೊಂದು ಆರಿಸಿ, ಅಲ್ಯೂಮಿನಿಯಂ ಬಿಲ್ಲೆ ಹೊಡೆದು ನಂಬರ್ ಕೊಟ್ಟಿದ್ದೆವು. ಪ್ರತಿ ಮರದ ಕೆಳಗೆ ನಿಂತು ಎಲೆ ಎಷ್ಟಿದೆ, ಎಷ್ಟು ಒಣಗಿದೆ, ಕಾಂಡದಲ್ಲಿ ಹುಳು ಕೊರೆದ ತೂತಿದೆಯೇ, ಅಂಟು ಸುರಿದಿದೆಯೇ ಎಂದು ಶೀಟಿನಲ್ಲಿ ತುಂಬಬೇಕು. ನಮಗೆ ಭಯವಿದ್ದದ್ದು ಒಂದು ಶಿಲೀಂಧ್ರದ ಬಗ್ಗೆ. ಅದು ಮರದೊಳಗೆ ನೀರು ಹರಿಯುವ ನಾಳಗಳಲ್ಲಿ ಸೇರಿಕೊಂಡು ಅವನ್ನು ಮುಚ್ಚಿಬಿಡುತ್ತದೆ. ಆಗ ಎಲೆಗಳು ಉದುರುವುದಿಲ್ಲ, ಕೊಂಬೆಯಲ್ಲೇ ಒಣಗಿ ಜೋತುಬಿದ್ದಿರುತ್ತವೆ. ತೊಗಟೆ ಬಿಡಿಸಿದರೆ ಬೆಳ್ಳಗಿರಬೇಕಾದ ಕಟ್ಟಿಗೆಯಲ್ಲಿ ಕಾಫಿ ಚೆಲ್ಲಿದ ಹಾಗೆ ಕಂದು ಗೆರೆಗಳು. ಔಷಧಿ ಇಲ್ಲ. ರಸ್ತೆ ಪಕ್ಕದ ಮೂಲೆಯಲ್ಲಿ, ಯಾರೋ ಹಳೆಯ ಮರಮುಟ್ಟು ತಂದು ಸುರಿದಿದ್ದ ಜಾಗದ ಹತ್ತಿರ, ಎರಡು ಮರಗಳಿಗೆ ಅದು ತಗಲಿತ್ತು.

ಸ್ಯಾಂಪಲ್ ತೆಗೆಯುವುದಕ್ಕೆ ಉಳಿ, ಸುತ್ತಿಗೆ ಬೇಕು. ಬೆಂಕಿಪೊಟ್ಟಣದಷ್ಟು ಅಗಲಕ್ಕೆ ತೊಗಟೆ ಬಿಡಿಸಿ ಒಳಗಿನ ಕಟ್ಟಿಗೆಯ ಚೂರುಗಳನ್ನು ಕವರಿಗೆ ಹಾಕಬೇಕು. ಹೋಲಿಸಿ ನೋಡಲು ಆರೋಗ್ಯವಾಗಿರುವ ಮರಗಳಿಂದಲೂ ಹಾಗೆಯೇ ತೆಗೆಯುತ್ತೇವೆ. ಈ ಶಿಲೀಂಧ್ರ ಒಳಹೋಗುವುದು ಹಸಿ ಗಾಯದ ಮೂಲಕ. ಆದ್ದರಿಂದ ಒಂದು ಮರದಿಂದ ಇನ್ನೊಂದಕ್ಕೆ ಹೋಗುವ ಮೊದಲು ಉಳಿಯನ್ನು ತೊಳೆದು, ಒರೆಸಿ, ಸ್ಪಿರಿಟ್ಟಿನಲ್ಲಿ ಅದ್ದಿ ಇಡಬೇಕು, ಆಮೇಲೆ ಶೀಟಿನಲ್ಲಿ ಅದಕ್ಕೆಂದೇ ಇರುವ ಜಾಗದಲ್ಲಿ ಟಿಕ್ ಹಾಕಬೇಕು. ಇದನ್ನು ಹೊಸದಾಗಿ ಬಂದವರಿಗೆಲ್ಲ ಹೇಳಿಕೊಡುತ್ತಿದ್ದವಳು ನಾನೇ.

ಆಗಸ್ಟಿನ ಒಂದು ದಿನ ಮೂವತ್ತೊಂದನೇ ನಂಬರಿನ ಮರದಿಂದ ಶುರು ಮಾಡಬೇಕಿತ್ತು. ಅದು ಎರಡು ರೋಗದ ಮರಗಳಲ್ಲಿ ಒಂದು. ಅದರಿಂದ ಚೂರು ತೆಗೆದು, ಉಳಿ ಅದ್ದೋಣವೆಂದು ಬ್ಯಾಗಿಗೆ ಕೈ ಹಾಕಿದರೆ ಕೈಯೆಲ್ಲ ಒದ್ದೆ. ಸ್ಪಿರಿಟ್ ಬಾಟಲಿಯ ಮುಚ್ಚಳ ಬಿರುಕುಬಿಟ್ಟು ಎಲ್ಲವೂ ಬ್ಯಾಗಿನಲ್ಲೇ ಸೋರಿಹೋಗಿತ್ತು. ಇನ್ನೂ ಹನ್ನೊಂದು ಮರಗಳು ಬಾಕಿ, ಎಲ್ಲವೂ ಆರೋಗ್ಯದವು. ಬಂಡೆಯ ಹಿಂದೆ ಮೋಡ ಕಪ್ಪಾಗಿತ್ತು. ಶುಕ್ರವಾರಕ್ಕೆ ರಿಪೋರ್ಟು ಕೊಡಬೇಕಿತ್ತು. ಆ ದಿನ ವಾಪಸ್ ಹೋಗಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಮತ್ತೆ ಇನ್ನೊಂದು ದಿನ ಎರಡು ಬಸ್ಸು ಬದಲಾಯಿಸಿ ಬರುವುದು ಬೇಡವೆನ್ನಿಸಿತು, ಅಷ್ಟೇ. ಕುಡಿಯುವ ನೀರಿನಲ್ಲಿ ಉಳಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಮೂವತ್ತೆರಡರಿಂದ ನಲವತ್ತೆರಡರವರೆಗೆ ಹನ್ನೊಂದು ಮರಗಳನ್ನೂ ಮುಗಿಸಿದೆ. ಮಳೆ ಬಂತು. ಬಸ್ ಸ್ಟಾಪಿನ ತಗಡಿನ ಕೆಳಗೆ ಕೂತು ಶೀಟು ತುಂಬುವಾಗ ಸ್ಪಿರಿಟ್ಟಿನ ಸಾಲಿನಲ್ಲಿ ಹನ್ನೆರಡು ಟಿಕ್ ಹಾಕಿದೆ.

ಅಕ್ಟೋಬರ್ ಕೊನೆಗೆ ಮೂವತ್ತೆರಡು ಬಾಡಿತು. ಅದು ಕಗ್ಗಲಿ ಎಲೆ ಉದುರಿಸುವ ಕಾಲವಲ್ಲ. ಕಾಡೆಲ್ಲ ಹಸಿರಾಗಿರುವಾಗ ಅದೊಂದು ಮರ ಸುಟ್ಟಂತೆ ನಿಂತಿತ್ತು. ಹದಿನೈದು ದಿನ ಬಿಟ್ಟು ಹೋದರೆ ಮೂವತ್ತಮೂರು, ಮೂವತ್ತನಾಲ್ಕು ಕೂಡ.

ಮೂರು ತಿಂಗಳ ವರದಿಯಲ್ಲಿ ಕಾರಣ ಬರೆಯಬೇಕಿತ್ತು. ಸುತ್ತಮುತ್ತಲ ಜಾಲಿ ಮರಗಳಲ್ಲಿ ಹೊಸದಾಗಿ ಕಡಿದ ಕೊಂಬೆಗಳಿದ್ದವು. ಲೇಔಟುಗಳ ಪಕ್ಕದ ಹಳೇ ಊರಿನ ಒಬ್ಬ ಹೆಂಗಸು ಮೇಕೆಗಳಿಗೆಂದು ಕೊಕ್ಕೆ ಕಟ್ಟಿದ ಉದ್ದನೆಯ ದೋಟಿಯಲ್ಲಿ ಸೊಪ್ಪು ಎಳೆಯುತ್ತಿದ್ದದ್ದನ್ನು ನಾನೇ ಎಷ್ಟೋ ಸಲ ನೋಡಿದ್ದೆ. "ಮೇವಿಗಾಗಿ ಕೊಂಬೆ ಕಡಿಯುವ ಆಯುಧಗಳ ಮೂಲಕ ರೋಗ ಹರಡುತ್ತಿರುವ ಸಾಧ್ಯತೆ ಇದೆ" ಎಂದು ಒಂದು ಸಾಲು ಬರೆದೆ. ಬರೆಯುವಾಗ ಆ ಆಗಸ್ಟಿನ ದಿನ ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾಯಿತು. ಕೂಡಲೇ ಮುಂದಿನ ಸಾಲಿಗೆ ಹೋದೆ.

ಆ ಒಂದು ಸಾಲು ಅರಣ್ಯದ ಆಫೀಸಿಗೆ ಹೋಗಿ ಆದೇಶವಾಗಿ ವಾಪಸ್ ಬಂತು. ಕಾಡಿನೊಳಗೆ ಮೇಕೆ ಬಿಡುವಂತಿಲ್ಲ, ಯಾರೂ ಕುಡುಗೋಲು, ದೋಟಿ ತರುವಂತಿಲ್ಲ. ಅಲ್ಲಿ ಕಾವಲಿಗಿದ್ದ ವಾಚರ್ ಅದೇ ಹಳೇ ಊರಿನವರು, ಇನ್ನೆರಡು ವರ್ಷಕ್ಕೆ ನಿವೃತ್ತಿ. ಮೇಕೆ ಮೇಯಿಸುತ್ತಿದ್ದ ಆಕೆಯ ಕೈಯಿಂದ ದೋಟಿ ತೆಗೆದುಕೊಂಡು ತಮ್ಮ ಶೆಡ್ಡಿನಲ್ಲಿ ಇಟ್ಟಿರುವುದಾಗಿ ಅವರೇ ನನಗೆ ಹೇಳಿದರು. ಒಳ್ಳೆ ಕೆಲಸ ಮಾಡಿದಿರಿ ಎಂದು ನಾನು ಹೇಳಿದೆ.

ಮುಂದಿನ ಸಲ ಹೋದಾಗ ಆಕೆ ಕಾಡಿನ ಬೇಲಿಯ ಹೊರಗೆ ನಿಂತಿದ್ದರು. ಅರವತ್ತರ ಹತ್ತಿರದ ಗಟ್ಟಿ ಹೆಂಗಸು. ಹಿಂದೆ ಆರೇಳು ಮೇಕೆಗಳು ಲೇಔಟಿನ ಖಾಲಿ ಸೈಟಿನಲ್ಲಿ ಪ್ಲಾಸ್ಟಿಕ್ ಮೂಸುತ್ತಿದ್ದವು.

"ನೀನೇನಾ ಬರ್ಕೊಟ್ಟಿದ್ದು?" ಎಂದರು.

ನಾನು ಯಾರ ಹೆಸರನ್ನೂ ಬರೆದಿಲ್ಲ ಎಂದೆ.

"ಇಲ್ಲಿ ಮೇಕೆ ಮೇಯ್ಸೋಳು ನಾನೊಬ್ಳೇ ಕಣವ್ವ. ಹೆಸ್ರು ಬೇರೆ ಬರೀಬೇಕಾ?"

ನಾನು ಬೇಲಿ ದಾಟಿ ಒಳಗೆ ಹೋಗಲು ಹೊರಟೆ. ಅವರು ದನಿ ಏರಿಸಲಿಲ್ಲ. ನಿಧಾನವಾಗಿ ಹೇಳಿದರು: "ನಂಬರ್ ಹೊಡ್ದಿರೋ ಮರದ ತಂಟೆಗೆ ನಾನು ಹೋಗಲ್ಲ. ಗೌರ್ಮೆಂಟ್ ಮರ ಅಂತ ದೂರಾನೇ ಇರ್ತೀನಿ. ಒಣಗ್ತಾ ಇರೋದು ನೋಡು, ಬರೀ ನಂಬರ್ ಹೊಡ್ದಿರೋವೇ. ನಾನು ಕಡ್ದಿರೋ ಮರ ಒಂದಾದ್ರೂ ಒಣಗಿದ್ಯಾ, ತೋರ್ಸು."

ನಾನು ಹತ್ತು ಹೆಜ್ಜೆ ಒಳಗೆ ಹೋಗಿ ಒಂದು ಕಲ್ಲಿನ ಮೇಲೆ ಕೂತೆ.

ಆಮೇಲೆ ಎದ್ದು ಒಂದೊಂದೇ ನೋಡಿದೆ. ಮೂವತ್ತೆರಡು ಬಂಡೆಯ ಬುಡದಲ್ಲಿದೆ. ಮೂವತ್ತಮೂರು ಅಲ್ಲಿಂದ ನಲವತ್ತು ಹೆಜ್ಜೆ ದೂರ, ಕಾಲುದಾರಿಯ ಆಚೆ. ಇವೆರಡರ ನಡುವೆ ಬಿಲ್ಲೆ ಇಲ್ಲದ ಕಗ್ಗಲಿಗಳು ಒಂಬತ್ತಿದ್ದವು. ಒಂಬತ್ತೂ ಹಸಿರು. ಮೂವತ್ತನಾಲ್ಕು ಮತ್ತೆ ಬಂಡೆಯ ಕಡೆಗೆ. ಅದರ ಬೇರಿಗೆ ಬೇರು ತಾಗುವಷ್ಟು ಹತ್ತಿರದಲ್ಲಿದ್ದ ನಂಬರಿಲ್ಲದ ಮರವೂ ಹಸಿರು. ರೋಗ ತಾನಾಗಿಯೇ ಹರಡಿದ್ದರೆ ಹತ್ತಿರದ ಮರ ಬಿಟ್ಟು ದೂರದ ಮರಕ್ಕೆ ಹಾರುವುದಿಲ್ಲ. ಅದು ನಾನು ನಡೆದ ದಾರಿಯಲ್ಲಿ, ನಾನು ನಡೆದ ಕ್ರಮದಲ್ಲಿ ಬಂದಿತ್ತು. ಮೂರು ಮರಗಳಲ್ಲೂ ಬಾಡಿದ ಕೊಂಬೆ ನಾನು ತೊಗಟೆ ಬಿಡಿಸಿದ ಬದಿಯಲ್ಲೇ ಶುರುವಾಗಿತ್ತು.

ಮೂವತ್ತೈದರ ಕೆಳಗೆ ತುಂಬ ಹೊತ್ತು ನಿಂತೆ. ಅದಕ್ಕೆ ಏನೂ ಆಗಿರಲಿಲ್ಲ. ಎಲೆ ನೋಡಿದೆ, ಮತ್ತೆ ನೋಡಿದೆ. ನೋಡುತ್ತಾ ನೋಡುತ್ತಾ ಎಲ್ಲ ಎಲೆಯೂ ಬಾಡಿದ ಹಾಗೆ ಕಾಣತೊಡಗಿತು.

ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ಹನ್ನೊಂದು ದಿನ ಕಳೆದು ಬರುವ ಸೋಮವಾರ ನಮ್ಮ ಲ್ಯಾಬಿನಿಂದ ಒಂದು ತಂಡ ಮಾಗಡಿ ಕಡೆಯ ದೊಡ್ಡ ಕಾಡಿಗೆ ಹೊರಡುವುದಿತ್ತು. ಅಲ್ಲಿ ಸಾವಿರಾರು ಕಗ್ಗಲಿಗಳಿವೆ. ನಮ್ಮ ಸಲಕರಣೆ ಪೆಟ್ಟಿಗೆಗಳೇ ಅಲ್ಲಿಗೂ ಹೋಗುತ್ತವೆ. ನನ್ನ ಉಳಿಯೂ ಅದರಲ್ಲಿತ್ತು.

ಲ್ಯಾಬಿಗೆ ಬಂದು ಉಳಿಯನ್ನು ಪೆಟ್ಟಿಗೆಯಿಂದ ತೆಗೆದು ಬೆಳಕಿಗೆ ಹಿಡಿದೆ. ಅಲಗು ಫಳಫಳ ಹೊಳೆಯುತ್ತಿತ್ತು. ಆಗಸ್ಟ್ ಆದಮೇಲೆ ಅದನ್ನು ಎಷ್ಟೋ ಸಲ ಸ್ಪಿರಿಟ್ಟಿನಲ್ಲಿ ಅದ್ದಿದ್ದೆ. ಆದರೆ ಮರದ ಹಿಡಿ ಕಬ್ಬಿಣಕ್ಕೆ ಸೇರುವ ಕಡೆ ಬಳೆಯಂಥ ಒಂದು ಪಟ್ಟಿ ಇದೆ. ಅದರ ಸಂದಿನಲ್ಲಿ ತೊಗಟೆಯ ಪುಡಿ ಗಟ್ಟಿಯಾಗಿ ಕೂತಿತ್ತು. ಅಷ್ಟು ಮೇಲಕ್ಕೆ ನಾವು ಯಾರೂ ಅದ್ದುತ್ತಿರಲಿಲ್ಲ.

ಈ ಶಿಲೀಂಧ್ರವನ್ನು ಹಿಡಿಯುವುದಕ್ಕೆ ಹಳೆಯ ಉಪಾಯವೊಂದಿದೆ. ಕ್ಯಾರೆಟ್ ಬಿಲ್ಲೆಗಳ ನಡುವೆ ಅನುಮಾನದ ಪುಡಿ ಇಟ್ಟು, ಒದ್ದೆ ಕಾಗದದ ಮೇಲೆ ಡಬ್ಬಿಯಲ್ಲಿ ಮುಚ್ಚಿಡುವುದು. ಅದಕ್ಕೆ ಕ್ಯಾರೆಟ್ ಎಂದರೆ ಪ್ರಾಣ. ಪುಡಿಯಲ್ಲಿ ಜೀವ ಇದ್ದರೆ ವಾರದೊಳಗೆ ಬೂದುಬಣ್ಣಕ್ಕೆ ಬೆಳೆಯುತ್ತದೆ. ಲ್ಯಾಬಿನಲ್ಲಿ ಮಾಡಿದ್ದರೆ ರಿಜಿಸ್ಟರಿನಲ್ಲಿ ಬರೆಯಬೇಕು, ಯಾವ ಸ್ಯಾಂಪಲ್, ಯಾಕೆ ಎಂದು ನಮ್ಮ ಮೇಡಂ ಕೇಳುತ್ತಾರೆ. ಮೇಡಂ ನಮ್ಮ ವಿಭಾಗದ ಮುಖ್ಯಸ್ಥೆ. ನನಗೆ ಕೆಲಸ ಕಲಿಸಿದವರು ಅವರೇ. ಅವರ ಮುಂದೆ ನಿಲ್ಲುವ ಮೊದಲು ನನಗೆ ಗೊತ್ತಾಗಬೇಕಿತ್ತು. ಹಾಗಂತ ನನಗೆ ನಾನೇ ಹೇಳಿಕೊಂಡೆ. ನಿಜವಾಗಿ, ಏನೂ ಬೆಳೆಯದಿದ್ದರೆ ಹೇಳುವುದೇ ಬೇಡವಲ್ಲ ಎಂಬ ಆಸೆ.

ಮರುದಿನ ವಾಚರ್ ಶೆಡ್ಡಿಗೆ ಹೋಗಿ, ದೋಟಿಯ ಕೊಕ್ಕೆಯಿಂದಲೂ ಸ್ವಲ್ಪ ಪುಡಿ ಕೆರೆದುಕೊಳ್ಳುತ್ತೇನೆ ಎಂದೆ. ಅವರು ಖುಷಿಯಿಂದ ತಂದುಕೊಟ್ಟರು. "ತಗೊಳಿ ಮೇಡಂ, ಇದ್ರಲ್ಲೇ ಇರುತ್ತೆ. ಎಷ್ಟ್ ಹೇಳಿದ್ರೂ ಕೇಳ್ತಿರ್ಲಿಲ್ಲ ಆಯಮ್ಮ" ಎಂದರು. ನಾನು ತಲೆ ತಗ್ಗಿಸಿಕೊಂಡು ಕೆರೆದೆ.

ಮಾರೇನಹಳ್ಳಿಯ ನಮ್ಮ ಮನೆಗೆ ಬರುವ ದಾರಿಯಲ್ಲಿ ಕ್ಯಾರೆಟ್ ಕೊಂಡೆ. ಅತ್ತೆ ಟೀವಿ ಮುಂದೆ ಇದ್ದರು. ಅಡುಗೆಮನೆಯಲ್ಲಿ ಚಾಕುವನ್ನು ಕುದಿಸಿ, ಮೂರು ಪ್ಲಾಸ್ಟಿಕ್ ಡಬ್ಬಿ ಸಿದ್ಧ ಮಾಡಿದೆ. ಒಂದರಲ್ಲಿ ಉಳಿಯ ಸಂದಿನ ಪುಡಿ. ಎರಡನೆಯದರಲ್ಲಿ ದೋಟಿಯ ಪುಡಿ. ಮೂರನೆಯದರಲ್ಲಿ ಬರೀ ಕ್ಯಾರೆಟ್. ಮೂರಕ್ಕೂ ಟೇಪ್ ಸುತ್ತಿ ಬಚ್ಚಲುಮನೆ ಮೇಲಿನ ಅಟ್ಟದಲ್ಲಿ ಹಳೆಯ ಸೂಟ್‌ಕೇಸಿನ ಹಿಂದೆ ಇಟ್ಟೆ.

ಇಟ್ಟ ಮೇಲೆ ಇನ್ನೊಂದು ಭಯ ಶುರುವಾಯಿತು. ನಮ್ಮ ತಾರಸಿಯ ಮೇಲೆ ಡ್ರಮ್ಮಿನಲ್ಲಿ ಅತ್ತೆ ಬೆಳೆಸಿದ ದಾಳಿಂಬೆ ಗಿಡವಿದೆ. ದಾಳಿಂಬೆ ತೋಟಗಳನ್ನು ಒಣಗಿಸುವುದು ಇದರದ್ದೇ ಜಾತಿಯ ಶಿಲೀಂಧ್ರ. ರೋಗವನ್ನು ನಾನೇ ಬ್ಯಾಗಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದು ಮನೆಯೊಳಗೆ ಇಟ್ಟಿದ್ದೆ. ದಿನಕ್ಕೆ ಎಷ್ಟೋ ಸಲ ಮೊಣಕೈವರೆಗೆ ಸೋಪು ಹಾಕಿ ತೊಳೆದೆ. ಗಿಡಕ್ಕೆ ನೀರು ಹಾಕಲು ಅತ್ತೆ ಹೇಳಿದರೆ ಕಾಲುನೋವು ಎಂದು ತಪ್ಪಿಸಿಕೊಂಡೆ. ಊಟ ಸೇರಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಕಣ್ಣು ಅಟ್ಟದ ಕಡೆ ಹೋಗುತ್ತಿತ್ತು. ಏಣಿ ಹಾಕಿ ನೋಡಲು ಧೈರ್ಯವಿರಲಿಲ್ಲ.

ಐದನೆಯ ದಿನ, ಬುಧವಾರ ಬೆಳಿಗ್ಗೆ, ನಾನು ಊಟದ ಡಬ್ಬಿಗೆ ಉಪ್ಪಿಟ್ಟು ಹಾಕಿಕೊಳ್ಳುತ್ತಿದ್ದೆ. ಅತ್ತೆ ಸ್ನಾನ ಮುಗಿಸಿ ಬಂದು ಕೇಳಿದರು: "ಬಾಳೆಹಣ್ಣು ತಂದಿಟ್ಟಿದೀಯೇನೇ? ಎಲ್ಲೋ ಕಳಿತು ಹೋಗಿರೋ ವಾಸನೆ ಬರ್ತಾ ಇದೆ."

ಮನೆಯಲ್ಲಿ ಬಾಳೆಹಣ್ಣು ಇರಲಿಲ್ಲ. ಆ ಶಿಲೀಂಧ್ರ ಬೆಳೆಯುವಾಗ ಮಾಗಿದ ಬಾಳೆಹಣ್ಣಿನ ವಾಸನೆ ಬರುತ್ತದೆ. ಹುಳುಗಳನ್ನು ಕರೆಯುವುದಕ್ಕೆ ಅದರ ಉಪಾಯ. ಲ್ಯಾಬಿನಲ್ಲಿ ಆ ವಾಸನೆ ಬಂದರೆ ನಾವು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದೆವು.

ಅತ್ತೆ ಹೂವು ಕೊಯ್ಯಲು ತಾರಸಿಗೆ ಹೋದ ಮೇಲೆ ಏಣಿ ಹಾಕಿದೆ. ಡಬ್ಬಿಗಳನ್ನು ತೆರೆಯಲಿಲ್ಲ, ಕಿಟಕಿಯ ಬೆಳಕಿಗೆ ಹಿಡಿದೆ. ಮೂರನೆಯದು ಬರೀ ಮೆತ್ತಗಾಗಿದ್ದ ಕ್ಯಾರೆಟ್. ದೋಟಿಯದರಲ್ಲಿ ಬ್ರೆಡ್ಡಿಗೆ ಬರುವಂಥ ಹಸಿರು ಬೂಷ್ಟು, ಅಷ್ಟೇ. ಮೊದಲನೆಯದರಲ್ಲಿ ಬಿಲ್ಲೆಗಳ ಅಂಚಿಗೆಲ್ಲ ಬೂದು ತುಪ್ಪಟ. ಭೂತಗನ್ನಡಿಯಲ್ಲಿ ನೋಡಿದಾಗ ಅದರ ನಡುವೆ ಸಾಸಿವೆಗಿಂತ ಸಣ್ಣ ಕಪ್ಪು ಗುಂಡುಗಳು ಏಳುತ್ತಿರುವುದು ಕಂಡಿತು. ಕೆಲವಕ್ಕೆ ಆಗಲೇ ಸೂಜಿಯಂಥ ಕುತ್ತಿಗೆ ಮೂಡಿತ್ತು. ಇಳಿಯುವಾಗ ಡಬ್ಬಿ ಏಣಿಗೆ ಬಡಿಯಿತು. ಟೇಪು ಬಿಡಲಿಲ್ಲ.

ಆ ದಿನವೂ ಮರುದಿನ ಬೆಳಿಗ್ಗೆಯವರೆಗೂ ನಾನು ಬೇರೆ ದಾರಿ ಹುಡುಕಿದೆ. ಉಳಿಯ ಹಿಡಿ ಬದಲಾಯಿಸಿ ಎಲ್ಲವನ್ನೂ ಕುದಿಸಿಬಿಟ್ಟರೆ ಮಾಗಡಿಯ ಕಾಡಿಗೆ ಅಪಾಯವಿಲ್ಲ. ಇನ್ನುಮುಂದೆ ಹಿಡಿಯವರೆಗೂ ಅದ್ದಿ ಎಂದು ತಂಡಕ್ಕೆ ಹೇಳಿದರೆ ಜಾಗ್ರತೆಯ ಹೆಂಗಸು ಎಂದೇ ತಿಳಿಯುತ್ತಾರೆ. ಡಬ್ಬಿಗಳನ್ನು ಕುಕ್ಕರಿನಲ್ಲಿ ಬೇಯಿಸಿ ಬಿಸಾಡಬಹುದು. ಯಾರಿಗೂ ಗೊತ್ತಾಗುವುದಿಲ್ಲ.

ಗುರುವಾರ ಬಸ್ಸು ನಾಯಂಡಹಳ್ಳಿ ಜಂಕ್ಷನ್ನಿನಲ್ಲಿ ಸಿಕ್ಕಿಹಾಕಿಕೊಂಡು ನಿಂತಿದ್ದಾಗ ಬೆರಳೆಣಿಸಿದೆ. ಮೂವತ್ತೈದರಿಂದ ನಲವತ್ತೆರಡು, ಎಂಟು ಮರ. ಆ ಎಂಟಕ್ಕೆ ರೋಗ ತಗಲಿರಬಹುದು ಎಂದು ಯಾರೂ ಒಳಗೆ ನೋಡುವುದಿಲ್ಲ, ಯಾಕೆಂದರೆ ಉಳಿ ಶುದ್ಧವಾಗಿತ್ತೆಂದು ನನ್ನ ಶೀಟು ಹೇಳುತ್ತದೆ. ಅವು ಒಣಗುತ್ತವೆ. ವಾಸನೆಗೆ ಹುಳುಗಳು ಬರುತ್ತವೆ, ಅಲ್ಲಿಂದ ನಂಬರಿಲ್ಲದ ಮರಗಳಿಗೆ ಹೋಗುತ್ತವೆ. ಪ್ರತಿ ಮರ ಒಣಗಿದಾಗಲೂ ಆ ಹೆಂಗಸಿನ ಕಡೆಗೆ ಬೆರಳು ತೋರಿಸುತ್ತಾರೆ. ಹದಿನೈದು ದಿನಕ್ಕೊಮ್ಮೆ ಹೋಗಿ ಅದನ್ನೆಲ್ಲ ಶೀಟಿನಲ್ಲಿ ತುಂಬುವವಳು ನಾನು. ಅದನ್ನು ಯೋಚಿಸಿದಾಗ ಮೇಡಂ ಮುಂದೆ ನಿಲ್ಲುವ ಭಯ ಸ್ವಲ್ಪ ಚಿಕ್ಕದಾಯಿತು. ಕೆಂಗೇರಿ ಕಡೆ ಬಸ್ಸು ಹೊರಟಿತು. ಡಬ್ಬಿಗಳು ನನ್ನ ತೊಡೆಯ ಮೇಲಿದ್ದವು.

ಮೇಡಂ ರೂಮಿನಲ್ಲಿ ಮೂರು ಡಬ್ಬಿ, ಉಳಿ, ಆಗಸ್ಟಿನ ಶೀಟು ಮೇಜಿನ ಮೇಲಿಟ್ಟು, ಬಾಟಲಿ ಸೋರಿದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಮಧ್ಯೆ ನಿಲ್ಲಿಸಲಿಲ್ಲ ಅವರು. ಮುಗಿದ ಮೇಲೆ ಶೀಟನ್ನು ಹತ್ತಿರ ಎಳೆದುಕೊಂಡರು.

"ಈ ಹನ್ನೆರಡು ಟಿಕ್ ಎಲ್ಲಿ ಕೂತು ಹಾಕಿದೆ?"

"ಬಸ್ ಸ್ಟಾಪಲ್ಲಿ, ಮೇಡಂ."

"ಬೇರೆ ದಿನದ್ದು?"

"ಅವೆಲ್ಲ ನಿಜ, ಮೇಡಂ."

"ಅದನ್ನ ನಾನು ಹೇಗೆ ನಂಬ್ಲಿ, ಹೇಳು?"

ಅವರು ಕೋಪದಿಂದ ಕೇಳಿರಲಿಲ್ಲ, ನಿಜವಾಗಿಯೂ ಉತ್ತರ ಬೇಕಾಗಿತ್ತು. ಮೂರು ವರ್ಷದಿಂದ ನಾನು ತುಂಬಿದ ಶೀಟುಗಳು ಆ ರೂಮಿನ ಬೀರುವಿನಲ್ಲಿದ್ದವು. ಕೆಲಸದ ಬಗ್ಗೆ ನನಗಿದ್ದ ಭಯವೆಲ್ಲ ಬೈಗುಳದ ಬಗ್ಗೆ, ಕೆಲಸ ಹೋಗುವ ಬಗ್ಗೆ ಇತ್ತು. ಆ ಬೀರುವಿನ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ.

ಡಬ್ಬಿಗಳನ್ನು ಮನೆಯಲ್ಲಿ ಇಟ್ಟಿದ್ದೆ ಎಂದಾಗ ಮಾತ್ರ ಅವರ ದನಿ ಗಡುಸಾಯಿತು. ಯಾರ್ಯಾರು ಮುಟ್ಟಿದ್ದಾರೆ, ಎಲ್ಲಿಟ್ಟಿದ್ದೆ, ಗಿಡಗಳೇನಿವೆ ಎಂದು ಕೇಳಿ ಬರೆದುಕೊಂಡರು. ನಾನು ಮಾಡಿದ್ದು ಪೂರ್ತಿ ಸಾಕ್ಷಿಯಲ್ಲ ಎಂದೂ ಹೇಳಿದರು. ಸಂದಿನ ಪುಡಿ ಆಗಸ್ಟಿನದೇ ಎಂದು ಹೇಗೆ ಹೇಳುವುದು, ಆಮೇಲೆ ತೆಗೆದ ಸ್ಯಾಂಪಲಿನಿಂದಲೂ ಬಂದಿರಬಹುದು. ಅದಕ್ಕೇ ತಾವೇ ಕೈಯಾರೆ ಎಲ್ಲ ಉಳಿಗಳ ಪುಡಿ ತೆಗೆದು ಮತ್ತೆ ಕ್ಯಾರೆಟ್ಟಿನಲ್ಲಿಟ್ಟರು. ಸೋಮವಾರದ ಪ್ರಯಾಣ ಅಂದೇ ರದ್ದಾಯಿತು. ಅರಣ್ಯದ ಆಫೀಸಿಗೆ ಪತ್ರ ಹೋಯಿತು. ದೋಟಿಯ ಬಗ್ಗೆ ಬರೆದ ಸಾಲು ತಪ್ಪು, ರೋಗ ನಮ್ಮ ಸಲಕರಣೆಯಿಂದಲೇ ಹರಡಿರುವಂತೆ ಕಾಣುತ್ತದೆ ಎಂದು. ನನ್ನ ಮೂರು ವರ್ಷದ ಶೀಟುಗಳನ್ನು ಲೆಕ್ಕದಿಂದ ಹೊರಗಿಟ್ಟರು. ನನ್ನನ್ನು ತೆಗೆಯಲಿಲ್ಲ. ಒಬ್ಬಳೇ ಕಾಡಿಗೆ ಹೋಗುವಂತಿಲ್ಲ, ಪ್ರತಿ ಶೀಟಿನ ಕೆಳಗೆ ಇನ್ನೊಬ್ಬರ ಸಹಿ ಇರಬೇಕು ಎಂದರು. ಮರುಪರೀಕ್ಷೆಯಲ್ಲಿ ಬೆಳೆದದ್ದು ನನ್ನ ಉಳಿಯೊಂದರಿಂದಲೇ.

ಡಿಸೆಂಬರಿನಲ್ಲಿ ಮರಗಳನ್ನು ತೆಗೆದೆವು. ಮೂವತ್ತೊಂದರಿಂದ ಮೂವತ್ತನಾಲ್ಕು ಹೋಗಲೇಬೇಕಿತ್ತು. ಹಸಿರಾಗಿದ್ದ ಮೂವತ್ತೈದು, ಮೂವತ್ತಾರರ ಹಳೆಯ ಗಾಯದ ಅಂಚನ್ನು ಮೇಡಂ ಹೊಸ ಬ್ಲೇಡಿನಲ್ಲಿ ಕೆರೆದರು. ಒಳಗೆ ಕಂದು ಗೆರೆ. ಮೂವತ್ತೇಳರಿಂದ ನಲವತ್ತೆರಡರವರೆಗೆ ಗೆರೆ ಕಾಣಲಿಲ್ಲ. ಅವಕ್ಕೆ ಮೈಲುತುತ್ತ, ಸುಣ್ಣ ಕಲಸಿದ ಮುಲಾಮು ಬಳಿದು, ಚಿಗುರುವವರೆಗೆ ಕಾಯೋಣ ಎಂದರು. ರಸ್ತೆ ಮೂಲೆಯ ಇನ್ನೊಂದು ರೋಗದ ಮರದ ಜೊತೆ ಈ ಆರು ಮರಗಳನ್ನೂ ಬುಡಸಮೇತ ಕಿತ್ತು, ಅಲ್ಲೇ ಗುಂಡಿಯಲ್ಲಿ ಸುಟ್ಟು, ಬೇರುಗಳು ಒಂದಕ್ಕೊಂದು ತಾಗದಂತೆ ಸುತ್ತ ಕಾಲುವೆ ತೋಡಿಸಿದೆವು. ಕಗ್ಗಲಿ ಕಟ್ಟಿಗೆ ಗಟ್ಟಿ. ಸಂಜೆಯವರೆಗೆ ಉರಿಯಿತು.

ವಾಚರ್ ಆ ಇಡೀ ದಿನ ನನ್ನ ಹತ್ತಿರ ಮಾತಾಡಲಿಲ್ಲ. ಬೆಂಕಿಗೆ ಮಣ್ಣು ಮುಚ್ಚುವಾಗ ಮಾತ್ರ, ನನ್ನ ಕಡೆ ನೋಡದೆ ಹೇಳಿದರು: "ನಿಮ್ ಮಾತು ನಂಬ್ಕೊಂಡು ನಮ್ಮೂರವಳ ಕೈಯಿಂದ ಕಿತ್ಕೊಂಡ್ ಬಂದೆ. ಅವಳು ನನ್ಗೆ ವರಸೇಲಿ ಅಕ್ಕ ಆಗ್ಬೇಕು."

ಆಕೆಗೆ ಪತ್ರ ಹೋಗುವುದಿಲ್ಲ, ನಾನೇ ಹೇಳಬೇಕಿತ್ತು. ಮುಂದಿನ ಭಾನುವಾರ ಮನೆ ಹುಡುಕಿಕೊಂಡು ಹೋದೆ. ಹಳೇ ಊರಿನ ಗಲ್ಲಿಯಲ್ಲಿ ಮಗ ಕಟ್ಟಿಸಿದ ಮೂರಂತಸ್ತಿನ ಮನೆ, ಮೇಲೆಲ್ಲ ಬಾಡಿಗೆದಾರರು. ಮೇಕೆಗಳಿಗೆ ಕೆಳಗೆ ಕಾರು ನಿಲ್ಲಿಸುವ ಜಾಗ. ಅಲ್ಲಿ ಎರಡೇ ಮೇಕೆಗಳಿದ್ದವು. ಮೇಯಿಸುವ ಜಾಗ ಹೋದ ಮೇಲೆ ಉಳಿದವನ್ನು ಮಗ ಮಾರಿಬಿಟ್ಟಿದ್ದ. ಗಂಜಲದ ವಾಸನೆ ಬರುತ್ತದೆಂದು ಬಾಡಿಗೆಯವರು ಮೊದಲಿಂದಲೂ ಹೇಳುತ್ತಿದ್ದರಂತೆ, ಅವನಿಗೂ ಅದೇ ಬೇಕಿತ್ತಂತೆ. ಆಕೆ ಇದನ್ನು ನನಗೆ ದೂರಿನ ಹಾಗೆ ಹೇಳಲಿಲ್ಲ.

ನಾನು ನಿಂತುಕೊಂಡೇ ಹೇಳಿದೆ. ನೀವು ಹೇಳಿದ್ದೇ ಸರಿ, ನಂಬರ್ ಹೊಡೆದ ಮರಗಳು ಒಣಗಿದ್ದು ನನ್ನ ಉಳಿಯಿಂದ, ಕಾಡಿಗೆ ಮೇಕೆ ಬಿಡಬಹುದೆಂದು ಆಫೀಸಿನವರು ಒಪ್ಪಿದ್ದಾರೆ ಎಂದೆ. ತಪ್ಪಾಯಿತು ಎಂದೆ. ಆಕೆ ಮೇಕೆಯ ಕೊರಳ ಹಗ್ಗ ಸರಿಮಾಡುತ್ತಾ ಕೇಳಿಸಿಕೊಂಡರು.

"ಇನ್ನೂ ಎಷ್ಟು ಒಣಗ್ತವೆ?"

"ಗೊತ್ತಿಲ್ಲ ಅಮ್ಮ. ಆರು ಮರಕ್ಕೆ ಭಯ ಇದೆ."

"ಯಾವಾಗ ಗೊತ್ತಾಗೋದು?"

"ಬೇಸಿಗೆ ಕಳೆದು ಚಿಗುರಿದ ಮೇಲೆ."

"ಆಗ ಬಂದು ಹೇಳು" ಎಂದು ಹೇಳಿ ಒಳಗೆ ಹೋದರು.

ಜನವರಿಯಲ್ಲಿ ಮೂವತ್ತೇಳು ಹೋಯಿತು. ಅದನ್ನೂ ಕಿತ್ತು ಸುಟ್ಟೆವು. ಆಮೇಲೆ ಬಂದದ್ದು ನನ್ನ ಪಾಲಿಗೆ ತುಂಬ ಕೆಟ್ಟ ಕಾಲ. ಫೆಬ್ರವರಿಯಿಂದ ಕಗ್ಗಲಿಗಳು ಎಲೆ ಉದುರಿಸುತ್ತವೆ. ಮಾರ್ಚ್ ಹೊತ್ತಿಗೆ ಇಡೀ ಕಾಡೇ ಸತ್ತಂತೆ ನಿಲ್ಲುತ್ತದೆ. ಹಿಂದಿನ ವರ್ಷಗಳಲ್ಲಿ ಅದು ನನಗೆ ಬರೀ ಬೇಸಿಗೆಯಾಗಿತ್ತು. ಈ ಸಲ ಪ್ರತಿ ಬೋಳು ಕೊಂಬೆಯೂ ನಾನು ಒಣಗಿಸಿದ್ದೇ ಅನ್ನಿಸುತ್ತಿತ್ತು. ಜೊತೆಗೆ ಬರುತ್ತಿದ್ದ ಸಹೋದ್ಯೋಗಿ ಸಹಿ ಹಾಕಿ ಬಸ್ಸಿಗೆ ಆತುರಪಡುತ್ತಿದ್ದರೆ ನಾನು ಮರದಿಂದ ಮರಕ್ಕೆ ಹೋಗಿ ಸಣ್ಣ ಕಡ್ಡಿಗಳನ್ನು ಬಗ್ಗಿಸಿ ನೋಡುತ್ತಿದ್ದೆ, ಪಟಕ್ಕನೆ ಮುರಿಯುತ್ತದೋ, ಬಾಗುತ್ತದೋ ಎಂದು. ಮನೆಯಲ್ಲಿ ತಾರಸಿಯ ದಾಳಿಂಬೆ ಹೂ ಬಿಟ್ಟಾಗ ಅತ್ತೆ ಕರೆದು ತೋರಿಸಿದರು. ಅಡುಗೆಮನೆಗೆ ಇಳಿದು ಬಂದ ಮೇಲೆ ಸ್ವಲ್ಪ ಹೊತ್ತು ಕಣ್ಣೀರು ಹಾಕಿದೆ. ಯಾಕೆ ಎಂದು ಅವರಿಗೆ ಇವತ್ತಿಗೂ ಹೇಳಿಲ್ಲ.

ಏಪ್ರಿಲ್ ಕೊನೆಗೆ ಎರಡು ಮಳೆ ಬಿದ್ದವು. ಜೂನ್ ಮೊದಲ ವಾರ, ಹೇಳಿದ ಮಾತಿನಂತೆ ಆಕೆಯ ಮನೆಗೆ ಹೋದೆ. ಐದು ಮರಗಳಲ್ಲಿ ನಾಲ್ಕು ಚೆನ್ನಾಗಿ ಚಿಗುರಿವೆ, ಒಂದು ಸ್ವಲ್ಪ ಅನುಮಾನ ಎಂದೆ. ನಾನು ಹೇಳಿದ್ದನ್ನು ಅವರು ಹಾಗೇ ಒಪ್ಪಿಕೊಳ್ಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, "ನಡಿ, ನೋಡೋಣ" ಎಂದರು.

ವಾಚರ್ ಬೇಲಿಯ ಗೇಟು ತೆಗೆದರು. ಆಕೆ ಅವರನ್ನೂ ಮಾತಾಡಿಸಲಿಲ್ಲ, ಅವರು ನಮ್ಮ ಹಿಂದೆಯೇ ಬಂದರು. ಮೂವತ್ತೆಂಟರ ಕೆಳಗೆ ನಿಂತು ಆಕೆ ಒಂದು ಎಲೆ ಕಿತ್ತು ಮೂಸಿ, ಬೆರಳಲ್ಲಿ ಹಿಸುಕಿ ಬಿಸಾಡಿದರು. ಮೂವತ್ತೊಂಬತ್ತು, ನಲವತ್ತು, ನಲವತ್ತೊಂದರಲ್ಲೂ ಹಾಗೆಯೇ. ನಾನು ಮುಲಾಮು ಬಳಿದ ಗಾಯದ ಸುತ್ತ ಹೊಸ ತೊಗಟೆ ತುಟಿಯಂತೆ ಮುಚ್ಚಿಕೊಳ್ಳುತ್ತಾ ಬಂದಿತ್ತು. ಅದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು.

ನಲವತ್ತೆರಡು ಒಂದು ಬದಿಗೆ ತೆಳ್ಳಗಿತ್ತು. ಚಿಗುರು ಬಂದಿತ್ತು, ಆದರೆ ಬಂಡೆಯ ಕಡೆಯ ಒಂದು ಕೊಂಬೆಯಲ್ಲಿ ಎಲೆ ಚಿಕ್ಕದು, ಬಣ್ಣವೂ ಕಡಿಮೆ. ಬಂಡೆಯ ಕಾವಿಗೆ ಹಾಗಾಗಿರಬಹುದು. ರೋಗವೂ ಇರಬಹುದು. ಆಕೆ ಮರವನ್ನು ಎರಡು ಸುತ್ತು ಬಂದು, ತಲೆ ಎತ್ತಿ, ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು. ನಾನು ಅವರ ಮುಖ ನೋಡುತ್ತಿದ್ದೆ.

"ಇದನ್ನ ಈಗ್ಲೇ ಹೇಳಕ್ಕಾಗಲ್ಲ ಕಣವ್ವ" ಎಂದರು. "ಇನ್ನೊಂದು ಬೇಸ್ಗೆ ಕಳೀಲಿ."